ಗಾಲಿಯ ಹಿಡಿತ, ಕೈಯ ಎಚ್ಚರ

ಎತ್ತಿನ ಗಾಡಿಯನ್ನು ಕಂಡು ಬೆಳೆದ ತಲೆಮಾರಿನವರಿಗೆ ಕಡಾಣಿಯ ಮಹತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಎದೆಯೆತ್ತರದ ಗಾಲಿ, ಅದರ ಮೇಲೆ ಮೂಟೆಗಳ ಹೇರು, ಹಳ್ಳ ದಿಣ್ಣೆಗಳ ದಾರಿ. ಇಷ್ಟೆಲ್ಲವೂ ಅಚ್ಚಿನ ತುದಿಯ ರಂಧ್ರದಲ್ಲಿ ತೂರಿಸಿದ ಬೆರಳುದ್ದದ ಒಂದು ಕಬ್ಬಿಣದ ಮೊಳೆಯನ್ನು ನಂಬಿ ಸಾಗುತ್ತಿತ್ತು. ಕಡಾಣಿ ತನ್ನ ಸ್ಥಾನದಲ್ಲಿರುವವರೆಗೆ ಗಾಲಿ ಅಚ್ಚಿನಿಂದ ಹೊರಬರುವಂತಿರಲಿಲ್ಲ. ಅದು ಇದೆಯೋ ಇಲ್ಲವೋ ಎಂಬುದನ್ನು ಗಾಡಿ ಹೊಡೆಯುವವನು ಬಗ್ಗಿ ನೋಡಿದರೆ ಸಾಕು, ತಿಳಿಯುತ್ತಿತ್ತು. ಬೈಸಿಕಲ್ಲಿನ ಹಿಂದಿನ ಗಾಲಿಗೆ ಇಂತಹ ಕಡಾಣಿಯಿಲ್ಲ. ಅದನ್ನು ಹಿಡಿದಿರುವುದು ಕಣ್ಣಿಗೆ ಕಾಣದ ಒಂದು ಒತ್ತಡ. ಈ ವ್ಯತ್ಯಾಸ ಮೇಲ್ನೋಟಕ್ಕೆ ಅಲ್ಪವೆನಿಸಿದರೂ, ಬಂಡೆಯಿಂದ ಬಂಡೆಗೆ ಸೈಕಲ್ಲಿನ ಮೇಲೆ ನೆಗೆಯುವ ತರುಣನ ಕ್ಷೇಮವು ಅದರ ಮೇಲೆಯೇ ನಿಂತಿದೆ.

ಸೈಕಲ್ಲಿನ ಚೌಕಟ್ಟಿನ ಹಿಂಭಾಗದಲ್ಲಿ ಎರಡೂ ಬದಿಯ ಕೊಳವೆಗಳು ಕೂಡುವಲ್ಲಿ ಒಂದೊಂದು ಲೋಹದ ಫಲಕವಿರುತ್ತದೆ. ಆ ಫಲಕದಲ್ಲಿ ಅಚ್ಚು ಕುಳಿತುಕೊಳ್ಳಲು ಕೊರೆದ ಸೀಳಿಗೆ ಡ್ರಾಪ್‌ಔಟ್ ಎಂದು ಹೆಸರು. ಚೈನು ಪದೇ ಪದೇ ಕಳಚುತ್ತಿದೆಯೆಂದು ಹುಡುಗನೊಬ್ಬ ಸೈಕಲ್ ಶಾಪಿಗೆ ಬಂದಾಗ ಅಂಗಡಿಯವನು ಮಾಡುವ ಕೆಲಸವನ್ನು ಅನೇಕ ಓದುಗರು ಕಂಡಿರಬಹುದು. ಹಿಂದಿನ ಎರಡು ನಟ್ಟುಗಳನ್ನು ಸ್ಪ್ಯಾನರಿನಿಂದ ಸಡಿಲಿಸುತ್ತಾನೆ. ಗಾಲಿಯನ್ನು ಸೀಳಿನಲ್ಲಿ ಹಿಂದಕ್ಕೆ ಎಳೆದು ಚೈನನ್ನು ಬಿಗಿಗೆ ತರುತ್ತಾನೆ. ಗಾಲಿ ಎರಡೂ ಕೊಳವೆಗಳ ನಡುವೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಮತ್ತೆ ನಟ್ಟುಗಳನ್ನು ಬಿಗಿಯುತ್ತಾನೆ. “ಗಟ್ಟಿಯಾಗಿ ಬಿಗಿದ್ದೀರಾ ಅಣ್ಣಾ?” ಎಂದು ಹುಡುಗ ಕೇಳಿದರೆ “ಹೋಗಪ್ಪಾ, ಏನೂ ಆಗಲ್ಲ” ಎಂಬ ಉತ್ತರ ಬರುತ್ತದೆ. ಶಾಲೆಗೆ ಹೋಗಿಬರುವ ಸೈಕಲ್ಲಿನ ಮಟ್ಟಿಗೆ ಆ ಉತ್ತರದಲ್ಲಿ ದೊಡ್ಡ ತಪ್ಪಿಲ್ಲ. ಗಾಲಿ ಒಂದಿಷ್ಟು ಜರುಗಿದರೂ ಟಯರು ಕೊಳವೆಗೆ ಉಜ್ಜೀತು, ಹುಡುಗ ಇಳಿದು ತಳ್ಳಿಕೊಂಡು ಬಂದಾನು.

ಟ್ರಯಲ್ಸ್ ಎಂಬ ಕ್ರೀಡೆಯಲ್ಲಿ ಅದೇ ಏರ್ಪಾಡು ಬೇರೆಯೇ ಪರೀಕ್ಷೆಗೆ ಒಳಗಾಗುತ್ತದೆ. ಈ ಕ್ರೀಡೆ ಬೆಳೆದದ್ದು ಸ್ಪೇನಿನ ಕ್ಯಾಟಲೋನಿಯಾದಲ್ಲಿ. ಮೋಟಾರ್ ಸೈಕಲ್ ಸ್ಪರ್ಧೆಗಳಲ್ಲಿ ಹೆಸರಾಗಿದ್ದ ಪೇರೆ ಪಿ ಎಂಬವರು 1970ರ ದಶಕದಲ್ಲಿ ತಮ್ಮ ಮಗ ಓಟ್‌ಗಾಗಿ, ಮೋಟಾರಿಲ್ಲದೆಯೇ ಬಂಡೆ ದಿಣ್ಣೆಗಳನ್ನು ಏರಬಲ್ಲ ಸೈಕಲ್ಲೊಂದನ್ನು ರೂಪಿಸಿದರು. ಮಗ ಮುಂದೆ ವಿಶ್ವಚಾಂಪಿಯನ್ ಆದನು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಮರದ ದಿಮ್ಮಿ, ಕಾಂಕ್ರೀಟಿನ ತೊಲೆ ಮೊದಲಾದ ಅಡೆತಡೆಗಳ ಒಂದೊಂದು ವಿಭಾಗವನ್ನು, ಸಾಮಾನ್ಯವಾಗಿ ಎರಡು ನಿಮಿಷಗಳೊಳಗೆ, ಕಾಲನ್ನು ನೆಲಕ್ಕೆ ಊರದೆ ದಾಟಬೇಕು. ಸೈಕಲ್ಲಿಗೆ ಕುಳಿತುಕೊಳ್ಳಲು ಸೀಟೇ ಇರುವುದಿಲ್ಲ ಎಂದರೂ ನಡೆಯುತ್ತದೆ. ಸವಾರ ಸದಾ ನಿಂತೇ ಇರುತ್ತಾನೆ. ಹಿಂದಿನ ಬ್ರೇಕನ್ನು ಬಿಗಿಹಿಡಿದು ಒಂದೇ ಗಾಲಿಯ ಮೇಲೆ ನಿಲ್ಲುತ್ತಾನೆ. ಬ್ರೇಕ್ ಬಿಟ್ಟ ಕ್ಷಣದಲ್ಲಿ ಪೆಡಲನ್ನು ಒಮ್ಮೆ ಝಾಡಿಸಿ ಒತ್ತಿ, ಆ ಒಂದೇ ಒತ್ತಿನ ಬಲದಿಂದ ಎದುರಿನ ಬಂಡೆಗೆ ನೆಗೆಯುತ್ತಾನೆ.

ಆ ಒಂದು ಒತ್ತಿನಲ್ಲಿ ಏನು ಸಂಭವಿಸುತ್ತದೆ ಎಂಬುದನ್ನು ಅಂಕಿಗಳಲ್ಲಿ ಅಂದಾಜು ಮಾಡುವುದು ಕಷ್ಟವಲ್ಲ. ಪೆಡಲಿನ ತೋಳು, ಅಂದರೆ ಕ್ರ್ಯಾಂಕು, ಸುಮಾರು 170 ಮಿಲಿಮೀಟರ್ ಉದ್ದವಿರುತ್ತದೆ. ಟ್ರಯಲ್ಸ್ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 18 ಹಲ್ಲುಗಳು. ಅದರ ತ್ರಿಜ್ಯ ಕೇವಲ 36 ಮಿಲಿಮೀಟರ್. ಆದುದರಿಂದ ಪೆಡಲಿನ ಮೇಲೆ ಹಾಕಿದ ಭಾರವು ಚೈನಿನಲ್ಲಿ ನಾಲ್ಕೂ ಮುಕ್ಕಾಲು ಪಟ್ಟಿನಷ್ಟು ಹೆಚ್ಚುತ್ತದೆ. 70 ಕಿಲೋ ತೂಕದ ಸವಾರ ಪೆಡಲಿನ ಮೇಲೆ ಸುಮ್ಮನೆ ನಿಂತರೂ ಚೈನು ಸುಮಾರು 330 ಕಿಲೋಗಳ ಬಲದಿಂದ ಹಿಂದಿನ ಅಚ್ಚನ್ನು ಮುಂದಕ್ಕೆ ಸೆಳೆಯುತ್ತದೆ. ಝಾಡಿಸಿ ಒತ್ತಿದಾಗ ಅದು ಇಮ್ಮಡಿಯಾದರೆ ಆಶ್ಚರ್ಯವಿಲ್ಲ. ಇನ್ನೊಂದು ವಿಷಯವಿದೆ. ಚೈನು ಗಾಲಿಯ ನಡುವಿನಲ್ಲಿಲ್ಲ, ಬಲಬದಿಗಿದೆ. ಸೆಳೆತದ ಆರರಲ್ಲಿ ಐದು ಪಾಲು ಬಲಗಡೆಯ ಡ್ರಾಪ್‌ಔಟಿನ ಮೇಲೆಯೇ ಬೀಳುತ್ತದೆ. ಹಾಗಾಗಿ ಆ ಒಂದು ಸೀಳು ಐನೂರು ಕಿಲೋಗಳಿಗೂ ಮೀರಿದ ಸೆಳೆತವನ್ನು, ಅದೂ ಒಂದು ಅಭ್ಯಾಸದಲ್ಲಿ ನೂರಾರು ಸಲ, ತಡೆದುಕೊಳ್ಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ನಿಂತಿರುವುದು ನಟ್ಟಿನ ಬಿಗಿತ. 10 ಮಿಲಿಮೀಟರ್ ದಪ್ಪದ ಅಚ್ಚಿನ ನಟ್ಟನ್ನು ಸುಮಾರು 35 ನ್ಯೂಟನ್ ಮೀಟರಿನಷ್ಟು, ಅಂದರೆ ಒಂದು ಗೇಣುದ್ದದ ಸ್ಪ್ಯಾನರನ್ನು ಕೈಯ ಬಲವೆಲ್ಲ ಹಾಕಿ ತಿರುಗಿಸಿದಾಗ, ಡ್ರಾಪ್‌ಔಟಿನ ಫಲಕ ಹೆಚ್ಚುಕಡಿಮೆ 1,750 ಕಿಲೋಗಳ ಬಲದಿಂದ ಅದುಮಲ್ಪಡುತ್ತದೆ. ಕೇಳುವುದಕ್ಕೆ ಇದು ಧಾರಾಳವಾಗಿದೆ. ಆದರೆ ಗಾಲಿಯನ್ನು ಜಾರದಂತೆ ತಡೆಯುವುದು ಅದುಮುವ ಬಲವಲ್ಲ, ಅದರಿಂದ ಹುಟ್ಟುವ ಘರ್ಷಣೆ. ನಯವಾದ ಲೋಹ ಲೋಹಕ್ಕೆ ತಾಗಿದಾಗ ಅದುಮುವ ಬಲದ ಆರೇಳರಲ್ಲಿ ಒಂದು ಪಾಲು ಮಾತ್ರ ಘರ್ಷಣೆಯಾಗಿ ದೊರೆಯುತ್ತದೆ. ಒಳಮುಖ ಹೊರಮುಖ ಎರಡನ್ನೂ ಕೂಡಿಸಿದರೂ ಲೆಕ್ಕ ಐನೂರು ಕಿಲೋಗಳ ಆಸುಪಾಸಿಗೇ ಬಂದು ನಿಲ್ಲುತ್ತದೆ. ಸೆಳೆತವೂ ಅಷ್ಟೇ, ತಡೆಯೂ ಅಷ್ಟೇ! “ಏನೂ ಆಗಲ್ಲ” ಎನ್ನುವ ಮಾತಿಗೆ ಇಲ್ಲಿ ಎಡೆಯಿಲ್ಲ.

ಬಲಗಡೆ ಅಚ್ಚು ಮೂರು ನಾಲ್ಕು ಮಿಲಿಮೀಟರ್ ಮುಂದೆ ಜರುಗಿದರೆ ಗಾಲಿ ಓರೆಯಾಗುತ್ತದೆ, ಚೈನು ಸಡಿಲಗೊಳ್ಳುತ್ತದೆ, ಬ್ರೇಕಿನ ರಬ್ಬರುಗಳು ರಿಮ್ಮನ್ನು ಸಮನಾಗಿ ಹಿಡಿಯುವುದಿಲ್ಲ. ಇವು ಸಣ್ಣ ಕಷ್ಟಗಳು. ನಿಜವಾದ ಅಪಾಯ ಮುಂದಿನ ಒತ್ತಿನಲ್ಲಿದೆ. ಸಡಿಲವಾದ ಚೈನು ಹಲ್ಲಿನಿಂದ ಹಾರಿದ ಕ್ಷಣ ಪೆಡಲಿನ ಕೆಳಗಿನ ಆಧಾರವೇ ಇಲ್ಲವಾಗುತ್ತದೆ. ಇಡೀ ಮೈಯ ಭಾರವನ್ನು ಒಂದು ಕಾಲಿನ ಮೇಲೆ ಹೇರಿ ಮುಂದಕ್ಕೆ ಚಿಮ್ಮುತ್ತಿದ್ದ ಸವಾರ, ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲಿಟ್ಟವನಂತೆ, ಹ್ಯಾಂಡಲಿನ ಮೇಲೆ ಮುಖ ಕೆಳಗಾಗಿ ಬೀಳುತ್ತಾನೆ. ಎದುರಿಗಿರುವುದು ಹುಲ್ಲುಹಾಸಲ್ಲ, ಬಂಡೆಯ ಅಂಚು.

ಹಾಗಾದರೆ ಅಚ್ಚು ಜರುಗಲಾರದಂತಹ ಸೀಳನ್ನೇ ಏಕೆ ಮಾಡಬಾರದು? ನೇರ ಕೆಳಮುಖವಾಗಿ ಕೊರೆದ ಡ್ರಾಪ್‌ಔಟಿನಲ್ಲಿ ಅಚ್ಚು ಮುಂದಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಗೇರಿನ ಸೈಕಲ್ಲುಗಳಲ್ಲಿ ಹಾಗೆಯೇ ಇರುತ್ತದೆ. ಆದರೆ ಅಲ್ಲಿ ಚೈನಿನ ಸಡಿಲವನ್ನು ಎಳೆದು ಹಿಡಿಯಲು ಸ್ಪ್ರಿಂಗಿನ ತೋಳು ಬೇಕು. ಬಂಡೆಗಳಿಗೆ ಉಜ್ಜುತ್ತ ಸಾಗುವ ಸೈಕಲ್ಲಿನಲ್ಲಿ ಅಂತಹ ತೋಳು ಬಹುಕಾಲ ಉಳಿಯದು. ಆದಕಾರಣ ಬಹುತೇಕ ಟ್ರಯಲ್ಸ್ ಸೈಕಲ್ಲುಗಳಲ್ಲಿ ಅಡ್ಡಸೀಳನ್ನೇ ಇಟ್ಟುಕೊಂಡು ಇನ್ನೊಂದು ಉಪಾಯ ಮಾಡಿದ್ದಾರೆ. ಬಸವನಹುಳುವಿನ ಚಿಪ್ಪಿನಂತೆ ಸುತ್ತು ಸುತ್ತಿಗೆ ಅಗಲವಾಗುತ್ತ ಹೋಗುವ ಒಂದು ಉಕ್ಕಿನ ಬಿಲ್ಲೆಯನ್ನು ಅಚ್ಚಿನ ಎರಡು ತುದಿಗಳಿಗೂ ಹಾಕುತ್ತಾರೆ. ಬಿಲ್ಲೆಯ ಅಂಚು ಡ್ರಾಪ್‌ಔಟಿನಲ್ಲಿ ನೆಟ್ಟ ಒಂದು ಗೂಟಕ್ಕೆ ಒರಗಿರುತ್ತದೆ. ಬಿಲ್ಲೆಯನ್ನು ತಿರುಗಿಸಿದಂತೆ ಅಚ್ಚು ಹಿಂದಕ್ಕೆ ದೂಡಲ್ಪಟ್ಟು ಚೈನು ಬಿಗಿಯಾಗುತ್ತದೆ. ಅನಂತರ ಚೈನು ಎಷ್ಟೇ ಸೆಳೆದರೂ ಗೂಟ ಅದನ್ನು ತಡೆಯುತ್ತದೆ. ಇದನ್ನು ಕಂಡುಹಿಡಿದವರ ಜಾಣ್ಮೆ ಮೆಚ್ಚಬೇಕಾದದ್ದೇ. ಕಡಾಣಿ ಮಾಡುತ್ತಿದ್ದ ಕೆಲಸದ ಅರ್ಧದಷ್ಟನ್ನು ಈ ಬಿಲ್ಲೆ ಮಾಡುತ್ತದೆ.

ಅರ್ಧ ಎಂದದ್ದಕ್ಕೆ ಕಾರಣವಿದೆ. ಬಿಲ್ಲೆ ತಡೆಯುವುದು ಅಚ್ಚು ಮುಂದಕ್ಕೆ ಹೋಗುವುದನ್ನು ಮಾತ್ರ. ನೆಗೆತ ಒಂದಂಗುಲ ಕಡಿಮೆಯಾಗಿ ಹಿಂದಿನ ಗಾಲಿ ಬಂಡೆಯ ಮೇಲೆ ಇಳಿಯುವ ಬದಲು ಅದರ ಅಂಚಿಗೆ ಬಡಿದರೆ, ಪೆಟ್ಟು ಅಚ್ಚನ್ನು ಹಿಂದಕ್ಕೆ, ಸೀಳಿನ ಬಾಯಿಯ ಕಡೆಗೆ ತಳ್ಳುತ್ತದೆ. ಬಲಗಡೆಯಲ್ಲಿ ಬಿಗಿಯಾದ ಚೈನೇ ಅದನ್ನು ಹಿಡಿದುಕೊಳ್ಳುತ್ತದೆ. ಎಡಗಡೆಯಲ್ಲಿ ಹಿಡಿಯುವವರು ಯಾರೂ ಇಲ್ಲ, ನಟ್ಟೊಂದೇ ಗತಿ. ಎಷ್ಟೋ ಸವಾರರು ಚೈನಿರುವ ಬದಿಗೆ ಮಾತ್ರ ಗಮನ ಕೊಟ್ಟು ಎಡಗಡೆಯ ನಟ್ಟನ್ನು ಉಪಚಾರಕ್ಕೆಂಬಂತೆ ಬಿಗಿಯುವುದುಂಟು. ಸದ್ದಿಲ್ಲದ ಬದಿಯನ್ನು ಮರೆಯುವುದು ಮನುಷ್ಯಸಹಜ. ಗಾಲಿ ಓರೆಯಾಗುವುದು ಮಾತ್ರ ಅಲ್ಲಿಂದಲೇ ಆರಂಭವಾಗುತ್ತದೆ.

ಬಿಗಿಯುವ ಕೆಲಸದಲ್ಲಿ ಬಲಕ್ಕಿಂತ ವಿವೇಕವೇ ಹೆಚ್ಚು ಬೇಕಾಗುತ್ತದೆ. ಎಣ್ಣೆಯ ವಿಷಯವನ್ನೇ ನೋಡಬಹುದು. ನಟ್ಟಿನ ಮರೆಗೆ, ಅಂದರೆ ಒಳಗಿನ ಸುರುಳಿಗೆ, ಒಂದಿಷ್ಟು ಗ್ರೀಸ್ ಹಚ್ಚಿದರೆ ಕೈಯ ಬಲ ಮರೆಯ ಉಜ್ಜಾಟದಲ್ಲಿ ಕಳೆದುಹೋಗದೆ ಅದುಮುವ ಬಲವಾಗಿ ಪರಿಣಮಿಸುತ್ತದೆ. ಅದೇ ಗ್ರೀಸ್ ವಾಷರಿನಿಂದ ಜಾರಿ ಡ್ರಾಪ್‌ಔಟಿನ ಮುಖಕ್ಕೆ ಹತ್ತಿದರೆ ಘರ್ಷಣೆ ಕುಗ್ಗಿ ಗಾಲಿ ಜಾರುತ್ತದೆ. ಒಂದೇ ಬೆರಳಗಲದ ಜಾಗದಲ್ಲಿ ಎಣ್ಣೆ ಬೇಕಾದದ್ದೂ ಹೌದು, ಬೇಡವಾದದ್ದೂ ಹೌದು. ಬಲ್ಲವರು ಮರೆಗೆ ಹಚ್ಚಿದ ಮೇಲೆ ಫಲಕದ ಎರಡೂ ಮುಖಗಳನ್ನು ಒಣಬಟ್ಟೆಯಿಂದ ಒರೆಸುತ್ತಾರೆ. ಫಲಕದ ಮೇಲೆ ದಪ್ಪ ಬಣ್ಣವಿದ್ದರೆ ಅದನ್ನು ಕೆರೆದು ಲೋಹವನ್ನು ಬಯಲು ಮಾಡುತ್ತಾರೆ. ಬಣ್ಣದ ಪದರ ಒತ್ತಡಕ್ಕೆ ಸಿಕ್ಕಿ ತೆಳುವಾಗುತ್ತದೆ. ತೆಳುವಾದಷ್ಟೂ ನಿನ್ನೆ ಬಿಗಿಯಾಗಿದ್ದ ನಟ್ಟು ಇಂದು ಸಡಿಲ. ಹೊಸ ಸೈಕಲ್ಲಿನ ಗಾಲಿ ಮೊದಲ ವಾರದಲ್ಲೇ ಹೆಚ್ಚು ಜಾರುವುದು ಈ ಕಾರಣದಿಂದ. ನಟ್ಟು ಕಚ್ಚುವ ಮುಖದಲ್ಲಿ ಚಿಕ್ಕ ಚಿಕ್ಕ ಹಲ್ಲುಗಳಿದ್ದರೆ ಅವು ಲೋಹದಲ್ಲಿ ಊರಿಕೊಂಡು ಹಿಡಿತವನ್ನು ಹೆಚ್ಚಿಸುತ್ತವೆ. ಎರಡೂ ಬದಿಯ ಬಿಲ್ಲೆಗಳು ಗಾಲಿಯನ್ನು ಸಮನಾಗಿ ಹಿಂದಕ್ಕೆ ದೂಡಿವೆಯೇ, ಚೈನು ಒಂದು ಪೂರ್ಣ ಸುತ್ತಿನಲ್ಲಿ ಎಲ್ಲಿಯೂ ಬಿಗಿದು ಕಟ್ಟಿಕೊಳ್ಳುವುದಿಲ್ಲವೇ ಎಂದು ನೋಡಿದ ಮೇಲೆಯೇ ಕೊನೆಯ ಬಿಗಿತ. ಅದನ್ನೂ ಒಮ್ಮೆಗೇ ಕೊಡದೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಬಲ ಮೀರಿದರೂ ಕೇಡೇ. ಮರೆ ಕಿತ್ತುಹೋದ ಅಚ್ಚಿನ ಮೇಲೆ ನಟ್ಟು ಬಿಗಿಯಾದಂತೆ ನಟಿಸುತ್ತದೆ, ಅಷ್ಟೆ.

ಈ ಕ್ರೀಡೆಯನ್ನು ಲೋಕದ ಕಣ್ಣಿಗೆ ತಂದವರಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಡ್ಯಾನಿ ಮ್ಯಾಕ್‌ಆಸ್ಕಿಲ್ ಪ್ರಮುಖರು. 2009ರ ಏಪ್ರಿಲಿನಲ್ಲಿ ಪ್ರಕಟವಾದ ಒಂದು ಚಿತ್ರದಲ್ಲಿ ಅವರು ಎಡಿನ್‌ಬರೋ ನಗರದ ಕಬ್ಬಿಣದ ಬೇಲಿಯೊಂದರ ಚೂಪು ತುದಿಗಳ ಮೇಲೆ ಸೈಕಲ್ ನಡೆಸಿದ್ದನ್ನು ಕಂಡವರು ಬೆರಗಾದರು. ಅಂದಿಗೆ ಅವರ ಉದ್ಯೋಗ ಸೈಕಲ್ ಅಂಗಡಿಯಲ್ಲಿ ರಿಪೇರಿ ಮಾಡುವುದು. ನೋಡಿದ ಕೋಟ್ಯಂತರ ಮಂದಿ ಮೆಚ್ಚಿದ್ದು ಧೈರ್ಯವನ್ನು. ಧೈರ್ಯದ ಕೆಳಗೆ ಸ್ಪ್ಯಾನರ್ ಹಿಡಿದು ಪಳಗಿದ ಕೈಯೊಂದಿತ್ತೆಂಬುದು ಚಿತ್ರದಲ್ಲಿ ಕಾಣುವಂತಹದಲ್ಲ.

ಗಾಲಿಯನ್ನು ಸುಲಭವಾಗಿ ಬಿಚ್ಚಬೇಕು, ಆದರೆ ಅದು ತಾನಾಗಿ ಬಿಚ್ಚಿಕೊಳ್ಳಬಾರದು ಎಂಬ ಎರಡು ಆಸೆಗಳ ತಿಕ್ಕಾಟ ಹಳೆಯದು. ಇಟಲಿಯ ತುಲ್ಲಿಯೋ ಕಂಪಾನ್ಯೋಲೋ ಎಂಬ ಸ್ಪರ್ಧಿ 1920ರ ದಶಕದಲ್ಲಿ ಕ್ರೋಚೆ ದಾವುನೆ ಎಂಬ ಘಟ್ಟದ ಹಿಮದಲ್ಲಿ ಕೈ ಮರಗಟ್ಟಿ ಹಿಂದಿನ ಗಾಲಿಯ ನಟ್ಟನ್ನು ತೆಗೆಯಲಾರದೆ ಸ್ಪರ್ಧೆ ಕಳೆದುಕೊಂಡರೆಂಬುದು ಪ್ರಚಲಿತವಾದ ಕಥೆ. ಇಸವಿಯನ್ನು ಕೆಲವರು 1924 ಎಂದೂ ಕೆಲವರು 1927 ಎಂದೂ ಹೇಳುತ್ತಾರೆ. ಒಂದು ಸನ್ನೆಯನ್ನು ಮಡಚಿದರೆ ಗಾಲಿ ಬಿಗಿಯಾಗುವ, ತೆರೆದರೆ ಕಳಚುವ ಸಾಧನವನ್ನು ಬಳಕೆಗೆ ತಂದ ಅವರು 1933ರಲ್ಲಿ ತಮ್ಮದೇ ಕಾರ್ಖಾನೆ ಸ್ಥಾಪಿಸಿದರು. ರಸ್ತೆಯ ಸ್ಪರ್ಧಿಗಳಿಗೆ ಅದು ವರವಾಯಿತು. ಟ್ರಯಲ್ಸ್ ಸವಾರರು ಅದನ್ನು ದೂರವಿಟ್ಟು ನಟ್ಟು ಬೋಲ್ಟುಗಳಿಗೇ ಅಂಟಿಕೊಂಡಿದ್ದಾರೆ. ಸನ್ನೆಯ ಹಿಡಿತ ಅವರ ಸೆಳೆತಕ್ಕೆ ಸಾಲದು.

ಸನ್ನೆ ಸಾಮಾನ್ಯ ಜನರ ಕೈಗೆ ಬಂದಾಗ ಇನ್ನೊಂದು ಸಮಸ್ಯೆ ತಲೆದೋರಿತು. ಅದನ್ನು ಮಡಚಬೇಕೆಂದು ತಿಳಿಯದವರು ಚಿಟ್ಟೆನಟ್ಟಿನಂತೆ ತಿರುಗಿಸಿ ಹಾಗೆಯೇ ಸವಾರಿ ಹೊರಟರು. ಮುಂದಿನ ಗಾಲಿ ಕಳಚಿ ಬಿದ್ದವರು ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿದರು. ತಯಾರಕರು ಮುಂಗವಲಿನ ಸೀಳಿನ ಅಂಚಿಗೆ ಚಿಕ್ಕ ದಿಂಡುಗಳನ್ನು ಸೇರಿಸಿದರು. ಸನ್ನೆ ತೆರೆದಿದ್ದರೂ ಗಾಲಿ ಬೀಳದಂತೆ ಅವು ತಡೆಯುತ್ತವೆ. ಸೈಕಲ್ ಬಲ್ಲವರು ಅವಕ್ಕೆ ‘ವಕೀಲರ ತುಟಿ’ ಎಂದು ಕುಚೋದ್ಯದ ಹೆಸರಿಟ್ಟಿದ್ದಾರೆ. ದಿಂಡುಗಳನ್ನು ದಾಟಿಸಲು ಪ್ರತಿ ಸಲವೂ ಎದುರಿನ ನಟ್ಟನ್ನು ಸಡಿಲಿಸಬೇಕು, ಮತ್ತೆ ಹದ ನೋಡಿ ಬಿಗಿಯಬೇಕು. ಒಮ್ಮೆ ಹದಗೊಳಿಸಿ ಬಿಟ್ಟಿದ್ದನ್ನು ದಿನವೂ ಕೆಡಿಸಿದಂತಾಯಿತು ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ದಿಂಡುಗಳನ್ನು ನಕ್ಕು ತಳ್ಳಿಹಾಕುವುದು ನ್ಯಾಯವೆನಿಸದು. ತಿಳಿಯದವನು ಬೀಳಲಿ ಎನ್ನುವುದು ತಿಳಿದವನಿಗೆ ಶೋಭಿಸುವ ಮಾತಲ್ಲ. 2015ರ ಏಪ್ರಿಲಿನಲ್ಲಿ ಅಮೆರಿಕದ ದೊಡ್ಡ ತಯಾರಕರೊಬ್ಬರು ಅಲ್ಲಿ ಮತ್ತು ಕೆನಡಾದಲ್ಲಿ ಮಾರಿದ್ದ ಸುಮಾರು 10 ಲಕ್ಷ ಸೈಕಲ್ಲುಗಳ ಸನ್ನೆಗಳನ್ನು ಬದಲಿಸಿಕೊಡಲು ಮುಂದಾದರು. ತೆರೆದುಕೊಂಡ ಸನ್ನೆ ಬ್ರೇಕಿನ ತಟ್ಟೆಗೆ ಸಿಕ್ಕಿಕೊಂಡು ಗಾಲಿ ತಟ್ಟನೆ ನಿಲ್ಲುವ ಸಂಭವವಿತ್ತು. ಅವರಿಗೆ ವರದಿಯಾಗಿದ್ದ ಅಪಘಾತಗಳು ಮೂರೇ ಮೂರು. ಆ ಮೂವರಲ್ಲಿ ಒಬ್ಬರ ಕೈಕಾಲುಗಳು ಸ್ವಾಧೀನ ತಪ್ಪಿದ್ದವು.

ಟ್ರಯಲ್ಸ್ ಸೈಕಲ್ಲಿನ ಹಿಂದಿನ ಗಾಲಿ ಜಾರಿದಾಗ ಹೊಣೆ ಯಾರದು? ಫಲಕವನ್ನು ಕೊರೆದವನು ಎರಡೂ ಮುಖಗಳನ್ನು ಸಮತಟ್ಟಾಗಿ ಇರಿಸದಿದ್ದರೆ ನಟ್ಟಿನ ಒತ್ತಡ ಒಂದು ಮೂಲೆಗೆ ಮಾತ್ರ ಬೀಳುತ್ತದೆ. ಜೋಡಿಸಿದವನು ಎಣ್ಣೆಯ ಕೈಯಲ್ಲೇ ಜೋಡಿಸಿರಬಹುದು. ಸವಾರ ನೋಡದೆ ಹತ್ತಿರಬಹುದು. ಬಾಲಕನ ಸೈಕಲ್ಲಾದರೆ ತಂದೆಯ ಪಾಲೂ ಇದೆ. ಎಂಟು ಹತ್ತು ವರ್ಷದ ಮಕ್ಕಳೂ ಆಡುವ ಕ್ರೀಡೆ ಇದು. ಅವರ ಕೈಗೆ ಆ ನಟ್ಟನ್ನು ಬಿಗಿಯುವ ಬಲವಿರುವುದಿಲ್ಲ. ಮಗು ನೆಗೆಯುವುದು ತನ್ನ ಧೈರ್ಯದಿಂದ, ಇಳಿಯುವುದು ಇನ್ನೊಬ್ಬರ ಎಚ್ಚರದ ಮೇಲೆ. ಬಿಲ್ಲೆಯೂ ಗೂಟವೂ ಹಲ್ಲುನಟ್ಟೂ ಬಂದ ಮೇಲೆ ಈ ಪಾಲುಗಳಲ್ಲಿ ಯಾವುದೂ ಕಡಿಮೆಯಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಹಳೆಯ ಸೈಕಲ್ಲನ್ನು ಮಾರುವವನದು. ಅಲ್ಯೂಮಿನಿಯಮ್ಮಿನ ಫಲಕವನ್ನು ಉಕ್ಕಿನ ನಟ್ಟು ವರ್ಷಾನುಗಟ್ಟಲೆ ಕಚ್ಚಿ ಕಚ್ಚಿ ಅದರ ಮುಖ ತಗ್ಗು ಬಿದ್ದಿರುತ್ತದೆ. ಕೆಲವೊಮ್ಮೆ ಸೀಳಿನ ಮೂಲೆಯಲ್ಲಿ ಕೂದಲೆಳೆಯಂತಹ ಬಿರುಕು ಕಾಣಿಸಿರುತ್ತದೆ. ನಟ್ಟು ಬಿಗಿದಾಗ ಬಿಲ್ಲೆಯೂ ವಾಷರೂ ಸೇರಿ ಅದನ್ನೆಲ್ಲ ಮರೆಮಾಡುತ್ತವೆ. ಅದರ ಮೇಲೆ ಹೊಸ ಬಣ್ಣ ಬಳಿದರೆ ಕೊಳ್ಳುವವನ ಕಣ್ಣಿಗೆ ಸೈಕಲ್ ಹೊಸದರಂತೆಯೇ. ಬಣ್ಣವು ಸವೆತವನ್ನು ಮುಚ್ಚುವುದಲ್ಲದೆ ತಾನೇ ಹಿಡಿತವನ್ನೂ ತಗ್ಗಿಸುತ್ತದೆ. ಸುಳ್ಳು ಇಲ್ಲಿ ಎರಡು ಬಾರಿ ಕೆಲಸ ಮಾಡುತ್ತದೆ. ಮಾರಿದವನು ಒಂದು ಮಾತನ್ನೂ ತಪ್ಪಾಗಿ ಹೇಳಿರಲಾರ. “ಚೆನ್ನಾಗಿದೆಯೇ?” ಎಂದು ಕೇಳಿದಾಗ “ನೀವೇ ನೋಡಿ” ಎಂದಿರಬಹುದು. ನೋಡಿದರೆ ಕಾಣದಂತೆ ಮಾಡಿ ನೋಡೆನ್ನುವುದನ್ನು ವ್ಯಾಪಾರದ ಚಾತುರ್ಯವೆಂದು ಕರೆಯುವವರಿದ್ದಾರೆ. ಬೀಳುವವನು ಬಹುಮಟ್ಟಿಗೆ ಹೊಸದನ್ನು ಕೊಳ್ಳಲು ಹಣವಿಲ್ಲದ ಹುಡುಗ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಲಿಯನ್ನು ಬಿಚ್ಚಿಟ್ಟು, ಫಲಕವನ್ನು ಒರೆಸಿ, ಬಿರುಕಿದ್ದರೆ ಬೆರಳಿಟ್ಟು ತೋರಿಸಿ ಬೆಲೆ ಹೇಳುವವರೂ ಇದ್ದಾರೆ. ಅವರಿಗೆ ದೊರೆಯುವ ಹಣ ಕಡಿಮೆ. ಬಿರುಕು ಬಿಟ್ಟ ಚೌಕಟ್ಟಾದರೆ ಅವರು ಮಾರುವುದೇ ಇಲ್ಲ, ಗುಜರಿಗೆ ಹಾಕುತ್ತಾರೆ.

ನುರಿತವರಲ್ಲಿ ಒಂದು ಸರಳವಾದ ಪದ್ಧತಿಯಿದೆ. ಕೊನೆಯ ಬಿಗಿತವಾದ ಮೇಲೆ ನಟ್ಟಿನಿಂದ ಫಲಕದವರೆಗೆ ಬಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ನಟ್ಟು ಎಳ್ಳಷ್ಟು ತಿರುಗಿದರೂ ಅಚ್ಚು ಕೂದಲೆಳೆಯಷ್ಟು ಜರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಕಾಣದಿದ್ದ ಒತ್ತಡಕ್ಕೆ ಕಾಸು ಖರ್ಚಿಲ್ಲದೆ ದೊರೆತ ಕಡಾಣಿಯ ಗುರುತು ಇದು. ಒಂದು ವಿಭಾಗ ಮುಗಿದು ಇನ್ನೊಂದಕ್ಕೆ ಸರದಿ ಕಾಯುವಾಗ ಇಂತಹ ಸವಾರರು ಸೈಕಲ್ಲನ್ನು ಒರಗಿಸಿ ಹಿಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಮೊದಲು ಚೈನಿಲ್ಲದ ಬದಿಯ ಗೆರೆಯನ್ನು ನೋಡುತ್ತಾರೆ, ಆಮೇಲೆ ಚೈನಿನ ಬದಿಯದನ್ನು. ತುಂಡಾಗಿದ್ದರೆ ಸ್ಪ್ಯಾನರ್ ಹೊರಗೆ ಬರುತ್ತದೆ, ಸರದಿ ಬಂದಿದ್ದರೂ.